ಗೂಬೆ ಹಿಡಿದ ದೀಪ

ಗುಂಡು ನನ್ನ ಕಿವಿಯ ಪಕ್ಕ ಹಾದು ಹಣ್ಣಿನ ಕ್ರೇಟಿಗೆ ಬಡಿಯಿತು.

ನೆಲಕ್ಕೆ ಬಿದ್ದೆ. ಐಸಿನಂಥ ನೆಲ. ಕತ್ತಲಲ್ಲಿ ನೋಡಲೆಂದು ಕಣ್ಣಿಗೆ ಹಿಡಿದಿದ್ದ ನೈಟ್ ವಿಷನ್ ಮೆಷಿನ್ನಿನಲ್ಲಿ ಬರೀ ಬಿಳಿ... ಹಾಲು ಚೆಲ್ಲಿದ ಹಾಗೆ.

ಅಗ್ಗದ ನೈಟ್ ವಿಷನ್ ಕೊಂಡರೆ ಪ್ರಯೋಜನ ಉಂಟೇ ಎಂದು ಕೇಳಿದಿರಲ್ಲ? ಕೇಳಿ ಹಾಗಾದರೆ.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕಿಟಕಿಯೇ ಇಲ್ಲದ ಕೋಲ್ಡ್ ಸ್ಟೋರೇಜ್. ಅಲ್ಲಿನ ಎಲೆಕ್ಟ್ರಿಷಿಯನ್ ನನ್ನ ಭಾವ. ಕ್ರೇಟುಗಳ ಹಿಂದೆ ಬಚ್ಚಿಟ್ಟಿದ್ದ ಪಿಸ್ತೂಲುಗಳು ಅವರ ಕಣ್ಣಿಗೆ ಬಿದ್ದಿದ್ದವು. ಬಚ್ಚಿಟ್ಟವನು ಗೂಬೆ. ಕತ್ತಲಲ್ಲೇ ಕೆಲಸ ಮುಗಿಸುತ್ತಾನೆಂದು ಆ ಹೆಸರು. ಅವನು ಬರುವುದನ್ನು ನೋಡಿ ಭಾವ ಫ್ಯೂಸ್ ಕಿತ್ತು ಕತ್ತಲು ಮಾಡಿದರು, ಒಳಗೇ ಎಲ್ಲೋ ಅವಿತರು, ಅಕ್ಕನಿಗೆ ಮೆಸೇಜ್ ಹಾಕಿದರು.

ಕಳೆದುಹೋದವರನ್ನು ಹುಡುಕಿಕೊಡುವುದು ನನ್ನ ಕಸುಬು. ಅಕ್ಕ ನನಗೆ ಫೋನ್ ಮಾಡಿದಳು.

"ನಿನ್ನ ಭಾವನ್ನ ಕರ್ಕೊಂಡೇ ಬಾ. ಇಲ್ಲಾಂದ್ರೆ ಈ ಮನೆ ಮೆಟ್ಟಿಲು ಹತ್ತಬೇಡ."

"ಪೊಲೀಸ್ರಿಗೆ ಹೇಳಿದ್ಯಾ?"

"ಹೇಳಿದೀನಿ. ಅವ್ರು ಬರೋ ಹೊತ್ತಿಗೆ ನಾನು ವಿಧವೆ ಆಗಿರ್ತೀನಿ."

ದಾರಿಯಲ್ಲೇ ಅಂಗಡಿಗೆ ನುಗ್ಗಿ, ಇದ್ದುದರಲ್ಲಿ ಅತಿ ಅಗ್ಗದ ನೈಟ್ ವಿಷನ್ ಎತ್ತಿಕೊಂಡೆ. ಅಂಗಡಿಯವನು ಒಂದು ಇನ್‌ಫ್ರಾರೆಡ್ ಟಾರ್ಚನ್ನೂ ಜೇಬಿಗೆ ತುರುಕಿದ.

"ಮೆಷಿನ್ನಿನ ಲೈಟ್ ನಂಬಬೇಡಿ ಸಾರ್. ಈ ಟಾರ್ಚನ್ನ ಕಣ್ಣಿಂದ ದೂರ ಹಿಡೀರಿ. ಜೂಮ್ ಮುಟ್ಟಲೇಬೇಡಿ."

ನಾನು ಎಲ್ಲಿ ಕೇಳಿಸಿಕೊಂಡೆ! ಒಳಗೆ ಬಂದವನೇ ಮೆಷಿನ್ನಿನ ಲೈಟ್ ಹಾಕಿದೆ. ಎದುರಿಗೆ ಬಾಗಿಲಿಗೆ ನೇತುಬಿಟ್ಟ ದಪ್ಪ ಪ್ಲಾಸ್ಟಿಕ್ ಪರದೆ. ಬೆಳಕು ಅದಕ್ಕೆ ಬಡಿದು ನನ್ನ ಕಡೆಗೇ ವಾಪಸ್. ಅದೂ ಟಾರ್ಚಿನ ಹಾಗೆ ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಆದರೆ ಗೂಬೆಯ ಕೈಯಲ್ಲೂ ಇಂಥದೇ ಮೆಷಿನ್ ಇತ್ತು... ಆ ಮೊದಲ ಗುಂಡು ಬಂದದ್ದು ಹಾಗೆ.

"ಏನೋ, ದೀಪ ಹಚ್ಕೊಂಡು ಅವಿತುಕೊಳ್ಳೋಕೆ ಬಂದಿದ್ದೀಯಾ?" ಒಳಗಿನಿಂದ ಅವನು ನಕ್ಕ.

ಲೈಟ್ ಆರಿಸಿದೆ. ಉರುಳಿ ಪರದೆ ದಾಟಿದೆ. ಮುಖದ ಮೇಲೆ ಹೊಳಪು ಬೀಳದಂತೆ ಸ್ಕ್ರೀನ್ ಮಂಕು ಮಾಡಿದೆ. ಜೂಮ್ ಇಳಿಸಿದೆ. ಲೆನ್ಸಿಗೆ ಹಬೆ ಹಿಡಿದಿತ್ತು, ಅಂಗಿಯ ಚುಂಗಿನಿಂದ ಒರೆಸಿದೆ. ಮತ್ತೆ ಕಣ್ಣಿಟ್ಟೆ.

ಕಂಡಿತು. ಸಾಲು ಸಾಲು ಕ್ರೇಟು, ನಡುವಿನ ಓಣಿ, ಕೈಗಾಡಿ, ನನ್ನನ್ನು ಬೇರೆ ಕಡೆ ಹುಡುಕುತ್ತಿದ್ದ ಗೂಬೆಯ ಅಗಲ ಬೆನ್ನು. ಅವನ ಲೈಟ್ ನನಗೂ ಬೆಳಗುತ್ತಿತ್ತು. ಖರ್ಚು ಅವನದು, ನೋಟ ನನ್ನದು.

ಅಷ್ಟರಲ್ಲಿ ಮೂಲೆಯ ಕ್ರೇಟುಗಳ ಸಂದಿಯಲ್ಲಿ ಎರಡು ಗೆರೆ ಫಳ್ಳೆಂದು ಹೊಳೆದವು.

ರೇಡಿಯಂ ಪಟ್ಟಿ. ಭಾವನ ಜಾಕೆಟ್.

ಯಾರ್ಡಿನಲ್ಲಿ ಲಾರಿಯವರಿಗೆ ಗಂಡ ದೂರದಿಂದಲೇ ಕಾಣಲಿ ಎಂದು ಅಕ್ಕ ಕೈಯಾರೆ ಹೊಲಿದದ್ದು. ಈಗ ಕಾಣುತ್ತಿದ್ದರು, ಗೂಬೆಗೂ. ಅವನ ಪಿಸ್ತೂಲು ನಿಧಾನವಾಗಿ ಆ ಕಡೆಗೆ ತಿರುಗಿತು. ಭಯವಾಯಿತು ಸ್ವಾಮಿ, ಸುಳ್ಳು ಹೇಳಲಾರೆ.

"ಏ ಗೂಬೆ!"

ಅವನು ತಿರುಗಿದ. ತೋಳನ್ನು ಆದಷ್ಟು ಪಕ್ಕಕ್ಕೆ ಚಾಚಿ ಟಾರ್ಚನ್ನು ನೇರ ಅವನ ಲೆನ್ಸಿಗೆ ಹಾಕಿದೆ.

ಈಗ ಅವನ ಸ್ಕ್ರೀನಿನಲ್ಲೂ ಹಾಲು. ಬೆಳಕು ಬಂದ ಕಡೆಗೆ ಹೊಡೆದ. ಗುಂಡು ಟಾರ್ಚನ್ನು ಹಾರಿಸಿತು, ನನ್ನ ಕಿರುಬೆರಳಿನ ತುದಿಯನ್ನೂ. ಕೂಗಿಕೊಳ್ಳುವುದಕ್ಕೆ ಪುರುಸೊತ್ತೆಲ್ಲಿ? ಕೈಗಾಡಿಯನ್ನು ಎದೆಗಾನಿಸಿ ಓಡಿದೆ. ಅವನು ಗೋಡೆಗೆ ಅಪ್ಪಳಿಸಿ ಕುಸಿದ. ಪಿಸ್ತೂಲು ನನ್ನ ಕಾಲಡಿಗೆ ಬಂತು.

"ಭಾವ, ಹೊರಗೆ ಬನ್ನಿ. ನಾನು."

ಅವರ ಹಲ್ಲು ಕಟಕಟ ಎನ್ನುತ್ತಿತ್ತು. "ನಾನು ಕಾಣಿಸ್ತಿದ್ನಾ?"

"ಅಂಗಡಿ ಬೋರ್ಡ್ ಥರ."

ಪೊಲೀಸರು ಬಂದರು, ಗೂಬೆಯನ್ನು ಕೊಂಡೊಯ್ದರು. ನಾನು ಅಕ್ಕನ ಮನೆಯ ಮೆಟ್ಟಿಲು ಹತ್ತಿದೆ. ಬೆರಳಿಗೆ ಬಟ್ಟೆ ಸುತ್ತುತ್ತಾ ಅವಳು ಕೇಳಿದಳು.

"ನಾನು ಹೊಲಿದ ಪಟ್ಟಿ ಉಪಯೋಗಕ್ಕೆ ಬಂತೇನೋ?"

"ಅದಿಲ್ದಿದ್ರೆ ಆ ಕತ್ತಲಲ್ಲಿ ಭಾವ ಸಿಗ್ತಾನೇ ಇರ್ಲಿಲ್ಲ," ಎಂದೆ.

ಯಾರಿಗೆ ಎಂದು ಹೇಳಲಿಲ್ಲ.