ಭಾಗಮ್ಮನ ಶಾವಿಗೆ, ದಶರಥನ ಕುಕ್ಕರ್

ದಶರಥ ಹೆಗಲ ಮೇಲಿನ ಕುಕ್ಕರನ್ನು ಅಂಗಳದಲ್ಲಿ ಇಳಿಸಿದಾಗ ಭಾಗಮ್ಮ ಮೊದಲು ಪಾತ್ರೆ ನೋಡಿದಳು, ಆಮೇಲೆ ಅವನ ಮೀಸೆ ನೋಡಿದಳು.

“ಕೋಳಿ ಬೇಯಿಸಾಕ ತಂದೀರೋ, ನಮ್ಮ ಮನಿ ಹಾರಸಾಕ ತಂದೀರೋ?”

“ನೀ ಹಿಂಗ ಬಾಗಲಾ ಗಟ್ಟಿ ಹಿಡ್ಕೊಂಡು ನಿಂತ್ರ ಮನಿ ಎಲ್ಲಿ ಹಾರ್ತದ?”

ಅದು 1946. ಯುದ್ಧ ಮುಗಿದು, ಪುಣೆಯ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ದಶರಥ ಮಾದನಹಿಪ್ಪರಗಾಕ್ಕೆ ಬಂದು ಎಂಟು ದಿನವಾಗಿತ್ತು. ಸ್ವದೇಶಕ್ಕೆ ಹೊರಟ ಬಿಳಿ ನರ್ಸೊಬ್ಬಳು ಕೊಟ್ಟುಹೋದ ಪಾತ್ರೆ ಅದು. ಎದುರುಮನೆಯ ಮಲ್ಕಪ್ಪನಿಗೆ ಜ್ವರ ಬಿಟ್ಟರೂ ಗಂಟಲಲ್ಲಿ ರೊಟ್ಟಿ ಇಳಿಯುತ್ತಿಲ್ಲವೆಂದು ಕೇಳಿ ತಾನಾಗಿಯೇ ಹೊತ್ತು ತಂದಿದ್ದ. ಮಲ್ಕಪ್ಪನ ಮಗಳು ಭಾಗಮ್ಮನಿಗೆ ಅದೇ ಚುಚ್ಚಿತ್ತು. ಓಣಿಯಲ್ಲಿ ಅವಳಷ್ಟು ಸಣ್ಣ ಶಾವಿಗೆ ಹೊಸೆಯುವವರಿಲ್ಲ. ಅಂಥವಳಿಗೆ ಅಡುಗೆ ಕಲಿಸಲು ಒಬ್ಬ ಗಂಡಸು!

“ಮುದಿ ಹುಂಜ ಅದ. ಸಂಜಿತನಾ ಕುದ್ದರೂ ಮೆತ್ತಗಾಗಂಗಿಲ್ಲ.”

“ಅರ್ಧಾ ತಾಸು ಸಾಕು. ಆಗಲಿಲ್ಲಂದ್ರ ಮೀಸಿ ತಗಸ್ತೇನಿ.”

ಅವಳು ಸೆರಗು ಅಡ್ಡ ಹಿಡಿದು ನಕ್ಕಳು.

ಹುಂಜದ ತುಂಡು, ಉಳ್ಳಾಗಡ್ಡಿ, ಶುಂಠಿ, ಮೆಣಸು, ನೀರು. ದಶರಥ ಮುಚ್ಚಳ ಬಿಗಿದು ಒಲೆಗೇರಿಸಿ, ಮೇಲೆ ಉಗಿ ತಡೆಯುವ ಗುಂಡು ಇಟ್ಟ. ಕೊಂಚ ಹೊತ್ತಿಗೆ ಗುಂಡು ಕುಣಿದು ಉಗಿ ಬುಸುಗುಟ್ಟಿತು. ಭಾಗಮ್ಮ ಬೆಚ್ಚಿ ಅವನ ತೋಳು ಹಿಡಿದಳು. ಹಿಡಿದದ್ದು ತಿಳಿದ ಮೇಲೂ ತಟ್ಟನೆ ಬಿಡಲಿಲ್ಲ.

“ಹೆದರಿದೇನು?”

“ನೀವು ಹೆದರಿರಬೇಕಂತ ಹಿಡದೇನ್ರಿ.”

ಉಗಿ ಇಳಿದ ಮೇಲೆ ನೋಡಿದರೆ ಮಾಂಸ ಎಲುಬು ಬಿಟ್ಟಿತ್ತು. ಭಾಗಮ್ಮ ರುಚಿ ನೋಡಿದಳು. ಚೆನ್ನಾಗಿದೆ ಎನ್ನಲಾರದೆ ಚಿಟಿಕೆ ಉಪ್ಪು ಹಾಕಿದಳು. ಆಮೇಲೆ ತನ್ನ ಶಾವಿಗೆ ಮುರಿದು ಹಾಕಿ ಎರಡು ಕುದಿ ಬರಿಸಿದಳು.

ಈಗ ದಶರಥ ರುಚಿ ನೋಡಿದ. ಕಣ್ಣು ಮುಚ್ಚಿದ.

“ದವಾಖಾನ್ಯಾಗ ಅಂಗಡಿ ಶಾವಿಗಿ ಹಾಕ್ತಿದ್ವಿ. ಅದು ಸೂಪಲ್ಲ ಭಾಗಮ್ಮ, ಇದು ಸೂಪು.”

ಮಲ್ಕಪ್ಪ ಎರಡು ಬಟ್ಟಲು ಕುಡಿದ. ಹಣೆಯಲ್ಲಿ ಬೆವರೊಡೆಯಿತು.

“ಅಲ್ಲಿ ನೀ ಮಾಡಿದ್ದು ಯಾರ್ ಕುಡೀತಿದ್ರೋ, ದಶರಥಾ?”

“ಎಲ್ಲಾರೂ, ಕಾಕಾ. ಊರಾಗ ನಮ್ಮ ನೆರಳು ಕಂಡು ಸರಿಯೋ ಜಾತಿಯವ್ರೂ ನನ್ನ ಕೈಯಿಂದನ ಬಟ್ಟಲ ಇಸ್ಕೊಂಡಾರ.”

ಮುದುಕನ ಬಾಗಿದ ಬೆನ್ನು ನೆಟ್ಟಗಾಯಿತು. “ಇಂಥಾಂವಗ ನನ್ನ ಮಗಳನ್ನ ಕೊಟ್ಟೆ!” ಎಂದುಬಿಟ್ಟ.

ಭಾಗಮ್ಮನ ಮುಖ ಬಿಗಿಯಿತು. ಹಿಂದೆ ಎರಡು ಸಂಬಂಧ ಬಂದಾಗಲೂ ಅವಳನ್ನು ಯಾರೂ ಕೇಳಿರಲಿಲ್ಲ. ಎರಡನ್ನೂ ಅವಳೇ ಜಗಳವಾಡಿ ತಪ್ಪಿಸಿದ್ದಳು. ದಶರಥ ಎದ್ದು ನಿಂತ. ಮುಂದಿನ ವಾರ ಅವನು ಪುಣೆಗೆ ಮರಳಬೇಕು, ಹಿರಿಯ ಅಡುಗೆಯವನ ಕೆಲಸ ಕಾದಿತ್ತು. ಈಗ ಹೂಂ ಎಂದರೆ ಸಾಕಿತ್ತು.

“ಬ್ಯಾಡ ಕಾಕಾ. ಒಂದ್ ಬಟ್ಟಲ ಸೂಪಿಗೆ ಕೊಡೂ ವಸ್ತು ಅಲ್ಲ ಅಕಿ. ನನ್ನ ಮನಸ್ಸಿನ್ಯಾಗ ಎಂಟು ದಿನದಿಂದ ಅಕೀನ ಅದಾಳ. ಅಕಿ ಮನಸ್ಸಿನ್ಯಾಗ ಏನದ ಅಂತ ಅಕೀನ ಹೇಳ್ಬೇಕು.”

ಅವನು ಹೊಸ್ತಿಲು ದಾಟಿದ.

“ನಿಲ್ರಿ,” ಎಂದಳು ಭಾಗಮ್ಮ. “ಅಪ್ಪ ಕೊಟ್ಟಾನಂತ ಅಲ್ಲ, ನಾನ ಆರಿಸ್ಕೊಂಡು ಬರ್ತೇನಿ. ಆದ್ರ ಪುಣೇದಾಗ ಯಾರರ ಕೇಳಿದ್ರ, ಶಾವಿಗಿ ಭಾಗಮ್ಮಂದು ಅಂತ ಹೇಳ್ಬೇಕು.”

“ಹೇಳ್ತೇನಿ.”

“ಸೂಪು ನಿಮ್ದು ಅನ್ನೂಕಿಂತ ಮೊದ್ಲ.”

“ಮೊದ್ಲ ಹೇಳ್ತೇನಿ.”

ಭಾಗಮ್ಮ ತಲೆ ಎತ್ತಿಕೊಂಡು ಹೊರಗೆ ಬಂದಳು. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ಅವನ ಪಕ್ಕದಲ್ಲಿ ನಿಂತಳು.