ಒಂದು ಹೊತ್ತೂ ತಪ್ಪದೆ

ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ತಂಗಿ ಹೇಳಿದಾಗಲೆಲ್ಲ ಅಕ್ಕನಿಗೆ ಉಬ್ಬಸ ಏರುತ್ತಿತ್ತು. ಈ ಸಲವೂ ಹಾಗೇ ಆಯಿತು.

"ಹೋಗೇ, ಹೋಗು. ಔಷಧಿ ಕೊಡು ಅಂತ ಗೋಡೆ ಹತ್ರ ಕೇಳ್ಕೋತೀನಿ," ಎಂದಳು ಅಕ್ಕ, ಏದುಸಿರಿನಲ್ಲೂ ನಗುತ್ತ.

ಅವಳು ಸೂಟ್‌ಕೇಸಿನಿಂದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಅವನ್ನು ಮತ್ತೆ ಕಪಾಟಿನಲ್ಲಿಡುವಾಗಲೇ ಉಪಾಯ ಹೊಳೆಯಿತು.

ಅಕ್ಕನ ಬೆರಳುಗಳಿಗೆ ಸಂಧಿವಾತ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇನ್‌ಹೇಲರನ್ನು ಅಕ್ಕನ ಬಾಯಿಗಿಟ್ಟು ಒತ್ತುವವಳು ಅವಳೇ. ಔಷಧಿ ಮುಗಿದ ಹಳೆಯವೂ ಕೆಲವು ದಿನ ಬರೀ ಗಾಳಿ ಚಿಮ್ಮಿಸುತ್ತವೆ. ಡ್ರಾಯರಿನಲ್ಲಿ ಅಂಥವು ಎಷ್ಟೋ ಇದ್ದವು. ಹೊಸದಕ್ಕೆ ಮಾತ್ರ ಆಸ್ಪತ್ರೆಯವರು ಸಣ್ಣದೊಂದು ಯಂತ್ರ ಜೋಡಿಸಿದ್ದರು, ರೋಗಿಗಳು ತಪ್ಪದೆ ಔಷಧಿ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ತಿಳಿಯಲು.

"ಒತ್ತಿದ್ದನ್ನೆಲ್ಲ ಇದು ನೆನಪಿಟ್ಕೊಳ್ಳುತ್ತೆ. ಸುಳ್ಳು ಹೇಳೋಕಾಗಲ್ಲ," ಎಂದಿದ್ದಳು ನರ್ಸ್.

ಹಾಗಾದರೆ ಅದೇ ತನ್ನ ಸಾಕ್ಷಿಯಾಗಲಿ ಎಂದುಕೊಂಡಳು ತಂಗಿ.

ಅಂದಿನಿಂದ ಅಕ್ಕನ ಬಾಯಿಗೆ ಹಳೆಯದು. ಹೊಸದನ್ನು ಅದೇ ಹೊತ್ತಿಗೆ ಬಚ್ಚಲಲ್ಲಿ, ಸದ್ದು ಕೇಳದಂತೆ ನಲ್ಲಿ ಬಿಟ್ಟು, ಗಾಳಿಗೆ ಒತ್ತುತ್ತಿದ್ದಳು. ತನಗೆ ಜ್ವರ ಬಂದ ದಿನವೂ ಗೋಡೆ ಹಿಡಿದು ಹೋಗಿ ಒತ್ತಿ ಬಂದಳು.

"ಇದ್ಯಾಕೋ ರುಚಿನೇ ಇಲ್ಲ ಕಣೇ."

"ವಯಸ್ಸಾಯ್ತಲ್ಲ, ನಾಲಿಗೆ ಕೆಟ್ಟಿದೆ."

"ನಿನ್ನ ನಾಲಿಗೆಗಿಂತ ವಾಸಿ ಬಿಡು."

ತಪಾಸಣೆಗೆ ಹೋದಾಗಲೆಲ್ಲ ನರ್ಸ್ ಅಕ್ಕನಿಗೆ ಹೇಳುವಳು: "ನಿಮ್ಮ ತಂಗಿಯಂಥೋರು ಮನೆಗೊಬ್ರು ಇರ್ಬೇಕು." ಅವಳು ತಲೆ ತಗ್ಗಿಸಿ ನಗುವಳು.

ಒಂದು ನಸುಕಿನಲ್ಲಿ ಅಕ್ಕನ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಇಳಿಸಿ, ಯಂತ್ರದಿಂದ ಉಸಿರಾಡಿಸಿದರು. ಅವಳು ಕೈಚೀಲ ಅವುಚಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಳು, ಆಗಾಗ ಮುಖ ತೊಳೆಯಲೆಂದು ಎದ್ದುಹೋಗುತ್ತ. ವಾರ ಕಳೆಯುವ ಮೊದಲೇ, ಕಣ್ಣು ತೆರೆಯದೆಯೇ, ಅಕ್ಕ ಹೋದಳು.

ಕೆಲವು ದಿನಗಳ ಮೇಲೆ, ಒಂದು ಸಂಜೆ, ಡಾಕ್ಟರು ಅವಳನ್ನು ಕರೆಸಿದರು. "ಇಷ್ಟು ಸರಿಯಾಗಿ ತಗೊಂಡೋರಿಗೆ ಹೀಗಾಗಬಾರದಿತ್ತು. ನಂಗೆ ಅರ್ಥವಾಗ್ತಿಲ್ಲಮ್ಮ." ಅವರು ಕೇಳುವ ಮೊದಲೇ ಅವಳು ಹೊಸ ಇನ್‌ಹೇಲರನ್ನು ಮೇಜಿನ ಮೇಲಿಟ್ಟಳು. ನೋಡಲಿ.

ನರ್ಸ್ ಪರದೆಯ ಮೇಲಿನ ಗೆರೆಗಳನ್ನು ತೋರಿಸುತ್ತ ಹೋದಳು: ಬೆಳಿಗ್ಗೆ ಒಂದು, ಸಂಜೆ ಒಂದು, ಎಲ್ಲೂ ಕಡಿಯದ ಸಾಲು. ಕೊನೆಯ ಗೆರೆಗಳಿಗೆ ಬಂದಾಗ ಅವಳ ಮಾತು ನಿಧಾನವಾಯಿತು. "ನಿಮ್ಮಕ್ಕ ಮೆಷಿನ್ ಮೇಲಿದ್ದ ದಿನಗಳಲ್ಲೂ ಇದೆಯಲ್ಲ. ಗಂಟಲಲ್ಲಿ ನಳಿಕೆ ಇದ್ದಾಗ ಇದನ್ನ ಎಳ್ಕೊಂಡೋರು ಯಾರು?" ತಂಗಿಗೆ ಆಸ್ಪತ್ರೆಯ ಬಚ್ಚಲು ನೆನಪಾಯಿತು, ತಾನು ಬಿಟ್ಟ ನಲ್ಲಿ ನೆನಪಾಯಿತು, ಒತ್ತಿದ್ದು ಮಾತ್ರ ನೆನಪಾಗಲಿಲ್ಲ. ಡಾಕ್ಟರು ಅವಳ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಏಳಾಗಿತ್ತು. ಮಡಿಲಿನಲ್ಲಿ ಅವಳ ಹೆಬ್ಬೆರಳು ತಾನೇ ತಾನಾಗಿ ಒತ್ತುತ್ತಿತ್ತು.