ಮಟ್ಟಿಗಿಳಿಯದ ಪೈಲ್ವಾನ

1919ನೇ ಇಸವಿ ಫೆಬ್ರವರಿ ಹತ್ತನೇ ತಾರೀಖು, ಸೋಮವಾರ ಬೆಳಿಗ್ಗೆ ಚಾಮರಾಜಪೇಟೆ ಠಾಣೆಗೆ ಬಂದ ಫಿರ್ಯಾದು ವಿಚಿತ್ರವಾಗಿತ್ತು. ಗಂಡ ಸತ್ತನೆಂದು ಅಳುತ್ತ ಬಂದವರನ್ನು ಇನ್‌ಸ್ಪೆಕ್ಟರ್ ದೊಡ್ಡಬೈರಪ್ಪ ಬೇಕಾದಷ್ಟು ಕಂಡಿದ್ದರು. ಗಂಡ ಬದುಕಿದ್ದಾನಂತೆ, ವಿಚಾರಿಸಿ ಎಂದು ಕೇಳಿಕೊಂಡು ಬಂದವಳು ಈಕೆಯೊಬ್ಬಳೇ.

ಹೆಸರು ಅಂಜನಮ್ಮ. ಗಂಡ ಅರ್ಜುನಪ್ಪ ಪೈಲ್ವಾನ. ಇದೇ ಪೇಟೆಯಲ್ಲಿ ಕುಸ್ತಿ ಕಲಿಸುವ ಮುದುಕ ವಸ್ತಾದ್ ಮುನಿಗಂಗಪ್ಪನ ಗರಡಿಯಲ್ಲಿ ಸಾಮು ಮಾಡಿಕೊಂಡು ಅಲ್ಲೇ ಮಲಗುತ್ತಿದ್ದ. ಹಿಂದಿನ ಅಕ್ಟೋಬರಿನ ಇನ್‌ಫ್ಲುಯೆಂಜಾದಲ್ಲಿ ಈಕೆ ಹೊಸಕೋಟೆ ಕಡೆಯ ತವರಿನಲ್ಲಿ ಜ್ವರ ಬಂದು ಮಲಗಿದ್ದಳು. ಮೈಮೇಲೆ ಪ್ರಜ್ಞೆ ಬರುವ ಹೊತ್ತಿಗೆ ಇತ್ತ ತಾಯಿ ತೀರಿಕೊಂಡಿದ್ದರು, ಅತ್ತ ಗಂಡನೂ ಹೋದನೆಂದು ಗಾಡಿಯವನೊಬ್ಬ ಹೇಳಿಹೋಗಿದ್ದ. ಅವನ ಮಾತಿನ ಮೇಲೆಯೇ ಬಳೆ ತೆಗೆಸಿದರು. ಈಗ ಬಸವನಗುಡಿಯಲ್ಲಿ ಬಡ ಪೈಲ್ವಾನರಿಗೆ ಸಹಾಯ ಕೊಡುವ ನಿಧಿಯೊಂದಿದೆ, ಸತ್ತವರ ಮನೆಯವರಿಗೂ ಏನಾದರೂ ಕೊಡುತ್ತಾರೆ ಎಂದು ಕೇಳಿ ಅರ್ಜಿ ಹಾಕಲು ಬಂದರೆ, ಅಲ್ಲಿನ ಕಾರ್ಯದರ್ಶಿ ನಕ್ಕುಬಿಟ್ಟನಂತೆ. ನಿನ್ನ ಗಂಡನನ್ನು ಹೋದ ವಾರ ತಾನೇ ನೋಡಿದೆ, ಗುಂಡುಕಲ್ಲಿನ ಹಾಗಿದ್ದಾನೆ ಅಂದನಂತೆ. ಗರಡಿಗೆ ಓಡಿದಳು. ಹೆಂಗಸರು ಗರಡಿಯ ಹೊಸಿಲು ದಾಟುವಂತಿಲ್ಲ. ಒಳಗೆ ಯಾರೋ ಬಸ್ಕಿ ಹೊಡೆಯುವ ಸದ್ದು ಕೇಳಿಸಿತು. ಮುದುಕ ಬಾಗಿಲು ತೆರೆಯದೆ ಹೋಗಮ್ಮ ಎಂದು ಕಳಿಸಿದ.

"ನಿನಗೇನು ಬೇಕಮ್ಮ, ನಿಧಿಯ ಸಹಾಯವಾ?"

"ಅದು ಆಮೇಕಾಯ್ತು ಬುದ್ಧಿ. ಅವ್ರು ಇದಾರಾ ಇಲ್ವಾ, ಅಷ್ಟು ಹೇಳಿ. ನನ್ನ ಬಿಟ್ಟು ಬೇರೆ ಇದ್ರೂ ಚಿಂತಿಲ್ಲ, ಬದುಕಿದ್ರೆ ಸಾಕು."

ದೊಡ್ಡಬೈರಪ್ಪ ಪ್ರಥಮ ವರ್ತಮಾನ ವರದಿ ಬರೆಸಿ, ಅವಳನ್ನು ಠಾಣೆಯ ಜಗಲಿಯ ಮೇಲೆ ಕೂರಿಸಿ, ಕಾನ್‌ಸ್ಟೇಬಲ್ ಮರಿಯಣ್ಣನೊಂದಿಗೆ ಬಸವನಗುಡಿಗೆ ಹೊರಟರು. ಅದೇ ಜ್ವರ ಅವರ ಹೆಂಡತಿಯನ್ನೂ ಕರೆದೊಯ್ದಿತ್ತು. ಅಂಜನಮ್ಮನ ಮುಂದೆ ಸುಮ್ಮನೆ ಕೂರುವುದಕ್ಕಿಂತ ನಡೆಯುವುದು ಅವರಿಗೆ ಸಲೀಸೆನಿಸಿತು.

ಕಾರ್ಯದರ್ಶಿ ಮಹಾನಂದಯ್ಯ ವಕೀಲ. ಯುದ್ಧದಿಂದ ಹಾಲು, ತುಪ್ಪ, ಬಾದಾಮಿಯ ಬೆಲೆ ಏರಿ ಪೈಲ್ವಾನರು ಸೊರಗುತ್ತಿದ್ದಾರೆಂದು ನಾಲ್ಕಾರು ದೊಡ್ಡ ಮನುಷ್ಯರು ಸೇರಿ ಮಾಡಿದ ನಿಧಿ ಅದು. ಅರ್ಜುನಪ್ಪನ ಅರ್ಜಿ ಹೋದ ವರ್ಷದ ಬೇಸಿಗೆಯಲ್ಲೇ ಬಂದಿತ್ತು. ಸದಸ್ಯರು ಸೇರಿ ತೀರ್ಮಾನಿಸುವಷ್ಟರಲ್ಲಿ ನವೆಂಬರ್ ಆಯಿತು. ಮುದುಕ ವಸ್ತಾದ್ ಅಕ್ಟೋಬರಿನವರೆಗೆ ವಾರ ತಪ್ಪದೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಮಂಜೂರಾಗುವ ಮುಂಚೆ ಅರ್ಜುನಪ್ಪನ ಮುಖ ಸದಸ್ಯರಲ್ಲಿ ಯಾರೂ ಕಂಡವರಲ್ಲ.

ಪರೀಕ್ಷೆ ಹೇಗೆ ಮಾಡುತ್ತೀರಿ ಎಂದು ದೊಡ್ಡಬೈರಪ್ಪ ಕೇಳಿದರು. ತಿಂಗಳಿಗೊಮ್ಮೆ ಗರಡಿಗೆ ಹೋಗಿ ಎದೆಯಳತೆ ತೆಗೆಯುತ್ತೇವೆ ಎಂದು ಮಹಾನಂದಯ್ಯ ಹೆಮ್ಮೆಯಿಂದ ಟೇಪು ತೋರಿಸಿದ. ಕೋಟು ಹೊಲಿಯುವವರೂ ಇಷ್ಟು ಜತನ ಮಾಡಲಾರರು.

"ಕುಸ್ತಿ ಮಾಡಿಸಿ ನೋಡಿದಿರಾ?"

"ದಂಡ ಹೊಡೆದ, ಕಲ್ಲೆತ್ತಿದ. ಕುಸ್ತಿಯ ಮಣ್ಣಿಗೆ, ಮಟ್ಟಿಗೆ ಇಳಿ ಅಂದಾಗ ಮಾತ್ರ ವಸ್ತಾದ್ ಬೇಡ ಅಂದ. ಒಂದ್ಸಲ ಅಮಾವಾಸ್ಯೆ ಅಂದ, ಇನ್ನೊಂದ್ಸಲ ಮಟ್ಟಿಗೆ ಎಣ್ಣೆ ಬಿಟ್ಟಿದೀವಿ ಅಂದ."

ದೊಡ್ಡಬೈರಪ್ಪ ಮರಿಯಣ್ಣನ ಮುಖ ನೋಡಿದರು. ಹುಡುಗರಾಗಿದ್ದಾಗ ಅವರೂ ವೈಯಾಲಿಕಾವಲಿನ ಗರಡಿಯ ಕೆಮ್ಮಣ್ಣಿನಲ್ಲಿ ಉರುಳಿದವರೇ. ದೊಡ್ಡವರೆದುರು ಪಟ್ಟು ತೋರಿಸುವ ಅವಕಾಶ ಸಿಕ್ಕರೆ ಯಾವ ಪೈಲ್ವಾನನೂ ಹಿಂದೆ ಸರಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ದಾರಿಯುದ್ದಕ್ಕೂ ಅವರ ಮನಸ್ಸು, ದೇವರೇ ಒಳಗಿರುವವನು ಅರ್ಜುನಪ್ಪನೇ ಆಗಿರಲಿ ಎಂದು ಬೇಡಿಕೊಳ್ಳುತ್ತಿತ್ತು. ಪೊಲೀಸಿನವನಿಗೆ ಇದು ಶೋಭಿಸುವ ಬೇಡಿಕೆಯಲ್ಲ.

ಗರಡಿಯೊಳಗೆ ಹನುಮಂತನ ಪಟದ ಕೆಳಗೆ ಕೂತು ಮುನಿಗಂಗಪ್ಪ ಬಾದಾಮಿ ಅರೆಯುತ್ತಿದ್ದ. ಮೂಲೆಯಲ್ಲಿ ಕಟ್ಟುಮಸ್ತಾದ ಆಳೊಬ್ಬ ಬಸ್ಕಿ ಹೊಡೆಯುತ್ತಿದ್ದ. ಮಟ್ಟಿಯನ್ನು ಗುದ್ದಲಿಯಿಂದ ಕೆದಕಿ ಹದ ಮಾಡಿ, ಅರಿಶಿನ ಕುಂಕುಮ ಹಾಕಿತ್ತು. ಅದರಲ್ಲಿ ಯಾರೂ ಹೊರಳಾಡಿದ ಗುರುತಿರಲಿಲ್ಲ.

"ನಿನ್ನ ಹೆಸರು?"

"ಅರ್ಜುನಪ್ಪ, ಸ್ವಾಮಿ."

"ನಾನೂ ಸ್ವಲ್ಪ ಸಾಮು ಮಾಡಿದೋನೇ. ಬಾ, ಒಂದು ಕೈ ನೋಡೋಣ."

ದೊಡ್ಡಬೈರಪ್ಪ ಬೂಟು, ಬೆಲ್ಟು ಬಿಚ್ಚಿ, ಮಟ್ಟಿಯ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಒಳಗಿಳಿದರು. ಆಳು ವಸ್ತಾದನ ಕಡೆ ನೋಡಿದ, ಇನ್‌ಸ್ಪೆಕ್ಟರ ಕಡೆ ನೋಡಿದ. ಇಳಿದು ಬಿದ್ದಿದ್ದರೆ ಅವನಿಗೆ ಮೈ ಸರಿಯಿಲ್ಲವೆಂದು ಮುದುಕ ಹೇಗೋ ಸಾಗಹಾಕಬಹುದಿತ್ತು. ಆಳು ಒಂದು ಕಾಲೆತ್ತಿದ.

"ಕಾಲಿಡಬೇಡ," ಎಂದ ಮುನಿಗಂಗಪ್ಪ. ಅರೆಯುವ ಕಲ್ಲು ಕೆಳಗಿಟ್ಟ. "ಬೇಡ ಸ್ವಾಮಿ. ಇವನಿಗೆ ನಾನು ಮಟ್ಟಿ ಕೊಟ್ಟಿಲ್ಲ."

ಯಾರಾದರೊಬ್ಬ ವಸ್ತಾದ್ ಕಾಯಿ ಒಡೆದು, ಮಣ್ಣು ಹಚ್ಚಿ, ಶಿಷ್ಯನೆಂದು ಒಪ್ಪಿಕೊಳ್ಳದೆ ಯಾರೂ ಮಟ್ಟಿಯ ಮಣ್ಣು ತುಳಿಯುವಂತಿಲ್ಲ; ದೊಡ್ಡಬೈರಪ್ಪನವರಿಗೆ ಅದು ವೈಯಾಲಿಕಾವಲಿನಲ್ಲಿ ಎಂದೋ ಆಗಿತ್ತು. ಮೂರು ತಿಂಗಳು ದೊಡ್ಡವರಿಗೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದವನಿಗೆ ಇದೊಂದು ಸುಳ್ಳು ಕೈಲಾಗಲಿಲ್ಲ. ದೊಡ್ಡಬೈರಪ್ಪ ಬೇಡಿಕೊಂಡದ್ದು ಅಲ್ಲಿಗೆ ಮಣ್ಣುಪಾಲಾಯಿತು.

ಆಳು ಬಚ್ಚಪ್ಪನೆಂಬ ತರಕಾರಿ ಮಂಡಿಯ ಮೂಟೆ ಹೊರುವವನು. ಹೊಟ್ಟೆ ತುಂಬ ಹಾಲು, ಬಾದಾಮಿ ಕೊಡ್ತೀನಿ ಅಂದ್ರು, ಬಂದೆ ಎಂದು ಒಪ್ಪಿಕೊಂಡ. ಪಂಚರನ್ನು ಕರೆಸಿ ಪಂಚನಾಮೆ ಬರೆದರು. ನಿಧಿಯ ಹಣದ್ದೆಲ್ಲ ಲೆಕ್ಕ ಸಿಕ್ಕಿತು: ಒಂದು ಕಾಸನ್ನೂ ಮುದುಕ ತನಗೆಂದು ಬಳಸಿರಲಿಲ್ಲ, ಎಲ್ಲವೂ ಬಚ್ಚಪ್ಪನ ಹೊಟ್ಟೆ ಸೇರಿತ್ತು.

"ಮತ್ತೆ ಯಾಕೆ ಮಾಡಿದ್ರಿ, ವಸ್ತಾದರೇ?"

ಮುದುಕ ಅರೆದ ಬಾದಾಮಿಯನ್ನು ಬಟ್ಟಲಿಗೆ ಬಳಿದಿಟ್ಟ. "ಅರ್ಜುನಪ್ಪ ಇದ್ದಾಗ ಹಾಲಿಗೆ ಗತಿ ಇರ್ಲಿಲ್ಲ. ಅವನನ್ನ ಮಣ್ಣು ಮಾಡಿದ ಮೇಲೆ ಮಂಜೂರಾಯ್ತು ಅಂದ್ರು. ಸತ್ತ ಅಂದ್ರೆ ಅಲ್ಲಿಗೆ ಮುಗೀತಲ್ಲ ಸ್ವಾಮಿ. ಇದಾನೆ ಅಂದ್ರೆ ತಿಂಗಳಿಗೊಂದ್ಸಲ ನಾಕು ಜನ ಬಂದು, ಅರ್ಜುನಪ್ಪ ಹೆಂಗಿದಾನೆ ಅಂತ ಕೇಳ್ತಿದ್ರು. ಬೇರೆ ಯಾರು ಬರ್ತಾರೆ ಇಲ್ಲಿಗೆ?"

ದೊಡ್ಡಬೈರಪ್ಪ ಬೂಟು ಹಾಕಿಕೊಂಡು ಬೆಲ್ಟು ಬಿಗಿದುಕೊಂಡರು. ಊಟ ಆಯ್ತಾ ಎಂದು ಅವರನ್ನು ಯಾರಾದರೂ ಕೇಳಿಯೂ ನಾಲ್ಕು ತಿಂಗಳಾಗಿತ್ತು.

ವೇಷ ಹಾಕಿಸಿ ವಂಚಿಸಿದ ಆಪಾದನೆಯ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಮುನಿಗಂಗಪ್ಪನನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು. ಜಗಲಿಯ ಮೇಲಿದ್ದ ಅಂಜನಮ್ಮ ದಡಬಡಿಸಿ ಎದ್ದಳು. ವಸ್ತಾದನನ್ನು ನೋಡಿದಳು, ಬಚ್ಚಪ್ಪನನ್ನು ನೋಡಿದಳು. ಆಮೇಲೆ ಅವರೆಲ್ಲರನ್ನೂ ದಾಟಿ, ಹಿಂದೆ ಇನ್ನೂ ಯಾರೋ ಬರುವುದಿದೆ ಎಂಬಂತೆ ಬೀದಿಯ ಕಡೆ ನೋಡುತ್ತ ನಿಂತಳು.

"ಇಷ್ಟೇ ಜನ ಕಣಮ್ಮ," ಎಂದರು ದೊಡ್ಡಬೈರಪ್ಪ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ಕಷ್ಟದ ಮಾತು ಅವರು ಆಡಿರಲಿಲ್ಲ.

ಅವಳು ಅಳಲಿಲ್ಲ. ಮುದುಕನ ಹತ್ತಿರ ಬಂದು, "ನಿನ್ನೆ ಬಾಗಿಲಾಗೆ ಯಾಕೆ ಹೇಳ್ಲಿಲ್ಲ ಮಾವ?" ಎಂದಳು. ಉತ್ತರಕ್ಕೂ ಕಾಯದೆ ಮತ್ತೆ ಕೇಳಿದಳು.

"ಅವ್ರು ನನ್ನ ಕೇಳಿದ್ರಾ, ಕಡೀಗೆ?"

ಕೇಳಿದ ಎಂದರೆ ಯಾರಿಗೂ ನಷ್ಟವಿರಲಿಲ್ಲ. ಮರಿಯಣ್ಣನೂ ಅದನ್ನೇ ಕಾಯುತ್ತಿದ್ದ.

"ಇಲ್ಲ ತಾಯಿ. ಗ್ಯಾನ ಇರ್ಲಿಲ್ಲ ಅವನಿಗೆ. ಯಾರನ್ನೂ ಕೇಳ್ಲಿಲ್ಲ. ನಾನೊಬ್ಬನೇ ಹೊತ್ಕೊಂಡು ಹೋಗಿ ಮಣ್ಣು ಮಾಡ್ದೆ. ಹೊರೋಕೆ ಇನ್ನೊಂದು ಆಳು ಸಿಗ್ಲಿಲ್ಲ."

ಈ ಹೇಳಿಕೆಯನ್ನು ದೊಡ್ಡಬೈರಪ್ಪ ತಾವೇ ಬರೆದುಕೊಂಡರು. ಮುದುಕನನ್ನು ಜೈಲಿಗೆ ಕಳಿಸಲೂ, ಅಂಜನಮ್ಮ ವಿಧವೆಯೆಂದು ನಿಧಿಯವರು ಒಪ್ಪಲೂ ಆ ಒಂದೇ ಹೇಳಿಕೆ ಸಾಕಾಗಿತ್ತು.

ಮ್ಯಾಜಿಸ್ಟ್ರೇಟರ ಬಳಿಗೆ ಹೊರಡಲು ಜಟಕಾ ಬಂತು. ಅಷ್ಟರಲ್ಲಿ ಅಂಜನಮ್ಮ ಜಗಲಿಯ ಮೇಲೆ ಮುದುಕನ ಪಕ್ಕದಲ್ಲಿ ಕೂತಿದ್ದಳು. ಗರಡಿಯಲ್ಲಿ ತನ್ನ ಗಂಡ ಏನು ಉಣ್ಣುತ್ತಿದ್ದ, ಯಾವ ಪಟ್ಟು ಚೆನ್ನಾಗಿ ಹಾಕುತ್ತಿದ್ದ ಎಂದು ಒಂದೊಂದಾಗಿ ಕೇಳುತ್ತಿದ್ದಳು. ಮುದುಕ ಬೇಡಿ ಹಾಕಿದ ಕೈಗಳನ್ನೇ ಎತ್ತಿ ಪಟ್ಟು ತೋರಿಸುತ್ತಿದ್ದ. ಅರ್ಜುನಪ್ಪನ ವಿಷಯ ಮಾತಾಡಲು ಆ ಇಬ್ಬರಿಗೆ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಜಟಕಾ ಸ್ವಲ್ಪ ನಿಲ್ಲಲಿ ಎಂದು ಮರಿಯಣ್ಣನಿಗೆ ಹೇಳಿ ದೊಡ್ಡಬೈರಪ್ಪ ಒಳಗೆ ಹೋದರು.